ಎಲೆಚಪ್ಪರ ಮುಚ್ಚುವ ಮುನ್ನ: ಬಾಸ್ಟನ್ ಸುತ್ತಲಿನ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಅಲ್ಲಿನ ಕನ್ನಡ ಕೂಟದ ಪದಾಧಿಕಾರಿಗಳಿಗೆ, ಬೇಸಿಗೆಯ ತಿಂಗಳುಗಳನ್ನು ಮಕ್ಕಳ ಮನೆಯಲ್ಲಿ ಕಳೆಯಲು ಊರಿನಿಂದ ಬಂದಿರುವ ಹಿರಿಯರಿಗೆ,



ಅಮೆರಿಕದ ಈಶಾನ್ಯ ಮೂಲೆಯ ಆರು ರಾಜ್ಯಗಳನ್ನು ಒಟ್ಟಾಗಿ ನ್ಯೂ ಇಂಗ್ಲೆಂಡ್ ಎಂದು ಕರೆಯುವುದು ವಾಡಿಕೆ. ಈ ಪ್ರದೇಶದ ಕನ್ನಡಿಗರು ಕಾಡನ್ನು ನೋಡಲೆಂದೇ ಹೊರಡುವ ಕಾಲ ಬಹುಮಟ್ಟಿಗೆ ಒಂದೇ: ಅಕ್ಟೋಬರಿನಲ್ಲಿ ಮೇಪಲ್ ಮರಗಳು ಕೆಂಪೇರಿದಾಗ ಕಾರುಗಳು ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ಗುಡ್ಡಗಳತ್ತ ಹೊರಟು, ವಾರಾಂತ್ಯ ಮುಗಿಯುವ ಹೊತ್ತಿಗೆ ಹಿಂದಿರುಗುತ್ತವೆ. ಆ ಪ್ರಯಾಣ ಸೊಗಸಾದದ್ದೇ. ಆದರೆ ಆಶ್‌ಲ್ಯಾಂಡಿನ ಶ್ರೀ ಲಕ್ಷ್ಮೀ ದೇವಾಲಯಕ್ಕೆ ವರ್ಷವಿಡೀ ಹೋಗಿಬರುವ ಕುಟುಂಬಗಳಿಗೆ, ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ, ಪಕ್ಕದ ಫ್ರೇಮಿಂಗ್‌ಹ್ಯಾಮ್ ಊರಿನ ಉತ್ತರ ಭಾಗದಲ್ಲಿ ‘ಗಾರ್ಡನ್ ಇನ್ ದ ವುಡ್ಸ್’ ಎಂಬ 45 ಎಕರೆಯ ಕಾಡುತೋಟವೊಂದು ಇರುವುದು ತಿಳಿದಿದ್ದರೂ, ಅದನ್ನು ಒಮ್ಮೆ ನೋಡಿ ಮುಗಿಸಬಹುದಾದ ಸ್ಥಳಗಳ ಪಟ್ಟಿಗೆ ಸೇರಿಸಿ ಬಿಟ್ಟವರೇ ಹೆಚ್ಚು. ಇಂಥ ತೋಟವನ್ನು ಒಮ್ಮೆ ಮಾತ್ರ ನೋಡಿದರೆ ಅದನ್ನು ನೋಡಿದಂತಾಗುವುದಿಲ್ಲ ಎಂಬುದನ್ನು ಕಾರಣಸಹಿತ ವಿವರಿಸಿ, ಅದು ತೆರೆದಿರುವ ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿಯಲ್ಲಿ ಮತ್ತೆ ಮತ್ತೆ, ಸಾಧ್ಯವಾದಷ್ಟೂ ಮನೆಯ ಹಿರಿಯರೊಂದಿಗೆ, ಅಲ್ಲಿಗೆ ಹೋಗಬೇಕೆಂದು ಕೋರುವುದು ಈ ಪತ್ರದ ಉದ್ದೇಶ.

ಕಾಡುತೋಟವೆಂದರೆ ಕಾಡೂ ಅಲ್ಲ, ಸಾಮಾನ್ಯ ಅರ್ಥದ ಉದ್ಯಾನವೂ ಅಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡಿ ಬೆಳೆದವರಿಗೆ ಉದ್ಯಾನವೆಂದರೆ ಪಾತಿ ಕಟ್ಟಿ, ಒಂದೇ ಕಾಲಕ್ಕೆ ಅರಳುವಂತೆ ಲೆಕ್ಕ ಹಾಕಿ, ಬಣ್ಣಬಣ್ಣವಾಗಿ ಜೋಡಿಸಿದ ಹೂವುಗಳ ಸಾಲು. ಇಂಗ್ಲೆಂಡಿನಲ್ಲೂ 19ನೆಯ ಶತಮಾನದಲ್ಲಿ ಅದೇ ರೂಢಿ ಬಲವಾಗಿತ್ತು. ಗಾಜಿನ ಮನೆಗಳಲ್ಲಿ ಬೆಳೆಸಿದ ಗಿಡಗಳನ್ನು ಬೇಸಿಗೆಗೆ ಹೊರಗೆ ನೆಟ್ಟು, ಹೂ ಬಾಡಿದೊಡನೆ ಕಿತ್ತೆಸೆಯಲಾಗುತ್ತಿತ್ತು. ಇದನ್ನು ತೀವ್ರವಾಗಿ ವಿರೋಧಿಸಿದ ಐರ್ಲೆಂಡ್ ಮೂಲದ ತೋಟಗಾರ ವಿಲಿಯಂ ರಾಬಿನ್ಸನ್, 1870ರಲ್ಲಿ ಪ್ರಕಟಿಸಿದ ‘ದ ವೈಲ್ಡ್ ಗಾರ್ಡನ್’ ಎಂಬ ಗ್ರಂಥದಲ್ಲಿ, ನೆಟ್ಟ ಮೇಲೆ ಹೆಚ್ಚಿನ ಆರೈಕೆಯಿಲ್ಲದೆ ತಾವಾಗಿಯೇ ಬಾಳಬಲ್ಲ ಗಿಡಗಳನ್ನು ಮರಗಳ ಅಡಿಯಲ್ಲಿ, ಬೇಲಿಯಂಚಿನಲ್ಲಿ, ನೀರಿನ ಬದಿಯಲ್ಲಿ ಅವುಗಳ ಸ್ವಭಾವಕ್ಕೆ ಒಪ್ಪುವಂತೆ ಬೆಳೆಸಬೇಕೆಂದು ವಾದಿಸಿದ. ನೆಲದ ಏರಿಳಿತ, ಮರದ ನೆರಳು, ಮಣ್ಣಿನ ತೇವ ಇವುಗಳನ್ನು ಮೊದಲು ಓದಿಕೊಂಡು, ಆ ಬಳಿಕ ಗಿಡವನ್ನು ಆರಿಸುವ ಈ ಕ್ರಮವೇ ಕಾಡುತೋಟದ ತಳಹದಿ. ರಾಬಿನ್ಸನ್ ಪರದೇಶದ ಗಿಡಗಳನ್ನೂ ಧಾರಾಳವಾಗಿ ಒಳಗೊಂಡಿದ್ದರೆ, ಫ್ರೇಮಿಂಗ್‌ಹ್ಯಾಮಿನ ತೋಟವು ಉತ್ತರ ಅಮೆರಿಕದ, ಅದರಲ್ಲೂ ಮುಖ್ಯವಾಗಿ ನ್ಯೂ ಇಂಗ್ಲೆಂಡಿನ ಸ್ಥಳೀಯ ಸಸ್ಯಗಳಿಗೆ, ಅಂದರೆ ಯುರೋಪಿನ ಜನ ಬಂದು ನೆಲೆಸುವ ಮೊದಲೇ ಆ ನೆಲದಲ್ಲಿ ತಾವಾಗಿ ಬೆಳೆದಿದ್ದ ಸಸ್ಯಗಳಿಗೆ, ಮೀಸಲಾಗಿದೆ.

ಆ ನೆಲವನ್ನು ರೂಪಿಸಿದ್ದು ಹಿಮ. ಕೊನೆಯ ಹಿಮಯುಗದಲ್ಲಿ ನ್ಯೂ ಇಂಗ್ಲೆಂಡನ್ನು ಪೂರ್ತಿಯಾಗಿ ಮುಚ್ಚಿದ್ದ ದಪ್ಪ ಹಿಮದ ಹಾಸು 15,000 ವರ್ಷಗಳಿಗೂ ಹಿಂದೆ ಈ ಭಾಗದಿಂದ ಹಿಂಜರಿದಾಗ, ಅದರ ತಳದಲ್ಲಿ ಹರಿಯುತ್ತಿದ್ದ ನೀರು ಹೊತ್ತು ತಂದ ಮರಳು ಮತ್ತು ಜಲ್ಲಿ ಉದ್ದನೆಯ ಅಂಕುಡೊಂಕಾದ ದಿಬ್ಬಗಳಾಗಿ ನಿಂತವು. ಇವುಗಳಿಗೆ ಭೂವಿಜ್ಞಾನದಲ್ಲಿ ಎಸ್ಕರ್ ಎಂದು ಹೆಸರು. ಮಣ್ಣಿನಲ್ಲಿ ಹೂತುಹೋಗಿದ್ದ ದೊಡ್ಡ ಹಿಮಗಡ್ಡೆಗಳು ನಿಧಾನವಾಗಿ ಕರಗಿದೆಡೆ ಆಳವಾದ ಹೊಂಡಗಳಾದವು. ಇವು ಕೆಟಲ್ ಎನಿಸಿಕೊಳ್ಳುತ್ತವೆ. ಹೀಗಾಗಿ ಕೆಲವೇ ಹೆಜ್ಜೆಗಳ ಅಂತರದಲ್ಲಿ ಒಣ ದಿಬ್ಬ, ನೆರಳಿನ ಇಳಿಜಾರು, ಜೌಗು, ಕೊಳ ಎಲ್ಲವೂ ಈ ಜಾಗದಲ್ಲಿ ದೊರೆಯುತ್ತವೆ. 1931ರಲ್ಲಿ ವಿಲ್ ಕರ್ಟಿಸ್ ಎಂಬ ಉದ್ಯಾನ ವಿನ್ಯಾಸಕ ಇಲ್ಲಿ 30 ಎಕರೆ ಕೊಂಡು, ಕೆಲವು ವರ್ಷಗಳಲ್ಲೇ ಜೊತೆಗೂಡಿದ ಹೋವರ್ಡ್ ಸ್ಟೈಲ್ಸ್ ಎಂಬಾತನೊಂದಿಗೆ ಮೂರು ದಶಕಗಳ ಕಾಲ ಹಾದಿ ಕಡಿದು, ಬೇಡದ ಪೊದೆ ತೆಗೆದು, ಒಂದೊಂದು ಗಿಡಕ್ಕೂ ಒಪ್ಪುವ ಮೂಲೆಯನ್ನು ಹುಡುಕಿ ನೆಟ್ಟನು. 1965ರಲ್ಲಿ ಇಬ್ಬರೂ ಆ ತೋಟವನ್ನು ಸ್ಥಳೀಯ ಸಸ್ಯಗಳ ರಕ್ಷಣೆಗಾಗಿ 1900ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ್ದ ಸಂಘಕ್ಕೆ ಒಪ್ಪಿಸಿದರು. ಬಹುಕಾಲ ನ್ಯೂ ಇಂಗ್ಲೆಂಡ್ ವೈಲ್ಡ್ ಫ್ಲವರ್ ಸೊಸೈಟಿ ಎಂದು ಹೆಸರಾಗಿದ್ದ ಈ ಸಂಸ್ಥೆ 2019ರಿಂದ ನೇಟಿವ್ ಪ್ಲಾಂಟ್ ಟ್ರಸ್ಟ್ ಎನಿಸಿಕೊಂಡಿದೆ. ಕರ್ಟಿಸನ ಕೆಲಸದ ದೊಡ್ಡತನವೆಂದರೆ, ಎಲ್ಲಿ ಕಾಡು ಮುಗಿದು ಎಲ್ಲಿ ಮನುಷ್ಯನ ಕೈ ಆರಂಭವಾಯಿತು ಎಂದು ಇಂದಿಗೂ ನಡೆದುಹೋಗುವವರಿಗೆ ತಿಳಿಯುವುದಿಲ್ಲ.

ಈ ತೋಟದ ವರ್ಷವನ್ನು ಅರಿಯಬೇಕಾದರೆ ಮೊದಲು ಬೆಳಕಿನ ಲೆಕ್ಕ ಅರಿಯಬೇಕು. ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿ ಮರಗಳು ಬೋಳಾಗುವುದು ನೀರಿನ ಕೊರತೆಯಿಂದ. ಮಾಘ-ಫಾಲ್ಗುಣಗಳ ಒಣಗಾಲದಲ್ಲಿ ಎಲೆ ಉದುರಿಸಿದ ಮುತ್ತುಗ ಬರಿಯ ಕೊಂಬೆಗಳ ಮೇಲೆ ಹೂ ಹೊರುತ್ತದೆ, ಆದರೆ ಅದರ ಕೆಳಗಿನ ನೆಲ ಮುಂಗಾರಿನವರೆಗೂ ಒಣಗಿ ಬಿದ್ದಿರುತ್ತದೆ, ಮತ್ತು ಗೌರಿ ಹೂವಿನಂಥ ನೆಲದೊಳಗೆ ಗೆಡ್ಡೆಯುಳ್ಳ ಬಳ್ಳಿಗಳು ಮಳೆ ಬಿದ್ದ ಮೇಲೆಯೇ ತಲೆಯೆತ್ತುತ್ತವೆ. ನ್ಯೂ ಇಂಗ್ಲೆಂಡಿನಲ್ಲಿ ಮರಗಳು ಎಲೆ ಉದುರಿಸುವುದು ಚಳಿಗೆ. ಏಪ್ರಿಲ್ ಹೊತ್ತಿಗೆ ಹಿಮ ಕರಗಿ ನೆಲ ತೇವವಾಗಿಯೂ ತಕ್ಕಮಟ್ಟಿಗೆ ಬೆಚ್ಚಗೂ ಆಗಿರುತ್ತದೆ, ಆದರೆ ಓಕ್, ಹಿಕರಿ, ಮೇಪಲ್ ಮರಗಳು ಎಲೆ ಬಿಡುವುದು ಮೇ ತಿಂಗಳಿಗೆ. ಈ ನಡುವಿನ ಕೆಲವು ವಾರಗಳಲ್ಲಿ ಕಾಡಿನ ನೆಲಕ್ಕೆ ಬಿಸಿಲು ನೇರವಾಗಿ ಬೀಳುತ್ತದೆ. ಒಮ್ಮೆ ಎಲೆಚಪ್ಪರ ಮುಚ್ಚಿತೆಂದರೆ ಬಯಲಿನಲ್ಲಿ ಬೀಳುವ ಬೆಳಕಿನ ಹತ್ತನೆಯ ಒಂದು ಪಾಲೂ ಕೆಳಗೆ ಇಳಿಯುವುದಿಲ್ಲ. ಅಷ್ಟರೊಳಗೆ ಎದ್ದು, ಹೂಬಿಟ್ಟು, ಕಾಯಿ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಬೇರುಗೆಡ್ಡೆಯಲ್ಲಿ ಕೂಡಿಟ್ಟುಕೊಂಡು, ಬೇಸಿಗೆಯ ಹೊತ್ತಿಗೆ ನೆಲದ ಮೇಲಿನ ಭಾಗವನ್ನೇ ಕಳೆದುಕೊಂಡುಬಿಡುವ ಗಿಡಗಳನ್ನು ವಸಂತದ ಅಲ್ಪಾಯುಗಳು ಎಂದು ಸಸ್ಯವಿಜ್ಞಾನದಲ್ಲಿ ಗುರುತಿಸಲಾಗುತ್ತದೆ. ಜುಲೈಯಲ್ಲಿ ಮೊದಲ ಬಾರಿಗೆ ಹೋದವರ ಕಣ್ಣಿಗೆ ಇವುಗಳಲ್ಲಿ ಹಲವು ಬೀಳುವುದೇ ಇಲ್ಲ. ಇದ್ದವೆಂಬ ಗುರುತೂ ಉಳಿದಿರುವುದಿಲ್ಲ.

ಯುಗಾದಿಯ ದಿನ ಪಂಚಾಂಗದಲ್ಲಿ ವಸಂತ ಆರಂಭವಾಗಿದ್ದರೂ ಬಾಸ್ಟನ್ನಿನ ಸುತ್ತ ಆಗ ಹಲವು ಬಾರಿ ಹಿಮದ ಗುಪ್ಪೆಗಳು ಇನ್ನೂ ಕರಗಿರುವುದಿಲ್ಲ. ಅಲ್ಲಿನ ನಿಜವಾದ ವಸಂತವನ್ನು ಸಾರುವ ಹೂವುಗಳಲ್ಲಿ ಬ್ಲಡ್‌ರೂಟ್ ಮುಖ್ಯವಾದದ್ದು. ಏಪ್ರಿಲ್ ಮೂರನೆಯ ಅಥವಾ ನಾಲ್ಕನೆಯ ವಾರ ಇದರ ಬಿಳಿಯ ಮೊಗ್ಗು ಒಂದೇ ಒಂದು ಎಲೆಯನ್ನು ಸುತ್ತಿಕೊಂಡು ತರಗೆಲೆಗಳ ನಡುವಿನಿಂದ ಮೇಲೇರುತ್ತದೆ, ಬಿಸಿಲಿದ್ದಾಗ ತೆರೆದು ರಾತ್ರಿ ಮುಚ್ಚಿಕೊಳ್ಳುತ್ತದೆ, ಮತ್ತು ಕೆಲವೇ ದಿನಗಳಲ್ಲಿ ದಳ ಉದುರಿಸುತ್ತದೆ. ಗಾಳಿ ಮಳೆ ಬಂದರೆ ಆ ಕೆಲವು ದಿನಗಳೂ ಇಲ್ಲ. ಗಾಳಿ ಮಳೆ ಬಂದರೆ ಆ ಕೆಲವು ದಿನಗಳೂ ಇಲ್ಲ. ಅದರ ಬೆನ್ನಿಗೆ ಚಳಿಗಾಲದ ಎಲೆಗಳನ್ನೇ ಉಳಿಸಿಕೊಂಡು ನಸುನೀಲಿ ಹೂ ಬಿಡುವ ಹೆಪಾಟಿಕ, ಮೀನಿನ ಮೈಯಂತೆ ಚುಕ್ಕೆಯಿರುವ ಎಲೆಯ ಟ್ರೌಟ್ ಲಿಲಿ, ಗುಲಾಬಿ ಮೊಗ್ಗಿನಿಂದ ತಿಳಿನೀಲಿಗೆ ತಿರುಗುವ ವರ್ಜೀನಿಯಾ ಬ್ಲೂಬೆಲ್ ಬರುತ್ತವೆ.

ಮೇ ಮೊದಲೆರಡು ವಾರಗಳು ಟ್ರಿಲಿಯಂಗಳ ಕಾಲ. ಮೂರು ಎಲೆ, ಮೂರು ಪುಷ್ಪಪತ್ರ, ಮೂರು ದಳಗಳ ಈ ಗಿಡದಲ್ಲಿ ಹಲವು ಜಾತಿಗಳಿವೆ: ದೊಡ್ಡ ಬಿಳಿ ಹೂವು ಹಳತಾಗುತ್ತ ಗುಲಾಬಿಗೆ ತಿರುಗುವುದೊಂದು, ಕಡುಗೆಂಪು ಹೂವಿನ, ಕೊಳೆತ ಮಾಂಸದ ವಾಸನೆಯಿಂದ ನೊಣಗಳನ್ನು ಕರೆಯುವುದು ಇನ್ನೊಂದು. ಇದರ ಜೀವನಕ್ರಮವನ್ನು ಅರಿತವರು ಒಂದು ಹೂವಿನ ಮುಂದೆ ನಿಲ್ಲುವ ರೀತಿಯೇ ಬೇರೆಯಾದೀತು. ಬೀಜ ಮಣ್ಣಿಗೆ ಬಿದ್ದ ಮೇಲೆ ಮೊದಲ ಚಳಿಗಾಲ ಕಳೆದಾಗ ಬೇರು ಮಾತ್ರ ಹೊರಡುತ್ತದೆ. ಎರಡನೆಯ ಚಳಿಗಾಲ ಕಳೆದ ಮೇಲೆ ಮೊದಲ ಎಲೆ ನೆಲದ ಮೇಲೆ ಕಾಣಿಸಿಕೊಳ್ಳುತ್ತದೆ. ಹೂ ಬಿಡಲು ಸಾಮಾನ್ಯವಾಗಿ ಏಳು ವರ್ಷಗಳಾದರೂ ಬೇಕು. ಬೀಜಕ್ಕೆ ಅಂಟಿಕೊಂಡಿರುವ ಕೊಬ್ಬಿನಂಶದ ಸಣ್ಣ ತುಣುಕಿನ ಆಸೆಗೆ ಇರುವೆಗಳು ಅದನ್ನು ಗೂಡಿಗೆ ಹೊತ್ತೊಯ್ದು, ತುಣುಕನ್ನು ತಿಂದು ಬೀಜವನ್ನು ಅಲ್ಲೇ ಬಿಡುತ್ತವೆ. ಬ್ಲಡ್‌ರೂಟ್ ಮತ್ತು ಹೆಪಾಟಿಕಗಳ ಬೀಜವೂ ಹೀಗೆಯೇ ಸಾಗುವುದರಿಂದ, ಈ ಕಾಡಿನ ವಸಂತದ ಹೂವುಗಳಲ್ಲಿ ಬಹುಪಾಲನ್ನು ಬಿತ್ತುವ ಕೆಲಸ ಇರುವೆಗಳದೇ ಎನ್ನಬಹುದು. ಆದರೆ ಇರುವೆ ಬೀಜವನ್ನು ಹೊತ್ತೊಯ್ಯುವುದು ಕೆಲವು ಮಾರುಗಳಷ್ಟು ದೂರಕ್ಕೆ ಮಾತ್ರ. ಉಳುಮೆಗೆ ಅಥವಾ ಮನೆ ಕಟ್ಟಲು ಒಮ್ಮೆ ಕಡಿದ ಕಾಡು ಮತ್ತೆ ಮರವಾಗಿ ಬೆಳೆದ ಮೇಲೂ ಅದರ ನೆಲದಲ್ಲಿ ಈ ಹೂವುಗಳು ಶತಮಾನ ಕಳೆದರೂ ಹಿಂದಿರುಗದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಇದೇ ಋತುವಿನಲ್ಲಿ ಅರಳುವ, ಗಂಟೆಯಾಕಾರದ ಬಿಳಿ ಹೂವಿನ ಶಾರ್ಟಿಯಾ ಎಂಬ ಪುಟ್ಟ ಗಿಡದ ಬಳಿ ಮಕ್ಕಳನ್ನು ನಿಲ್ಲಿಸಿ ಅದರ ಕಥೆಯನ್ನು ಹೇಳಬೇಕು. ದಕ್ಷಿಣದ ಅಪಲಾಚಿಯನ್ ಬೆಟ್ಟಗಳ ಈ ಗಿಡವನ್ನು ಫ್ರಾನ್ಸಿನ ಆಂದ್ರೆ ಮಿಶೋ 1788ರಲ್ಲಿ ಸಂಗ್ರಹಿಸಿದ್ದ. ಒಣಗಿದ, ಹೂವಿಲ್ಲದ ಆ ಮಾದರಿಯನ್ನು 1839ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅದಕ್ಕೆ ಹೆಸರಿಟ್ಟು, ಜೀವಂತ ಗಿಡವನ್ನು ವರ್ಷಗಟ್ಟಲೆ ಹುಡುಕಿಯೂ ಕಾಣದೆ ಹೋದ. 1877ರಲ್ಲಿ ಅದನ್ನು ಉತ್ತರ ಕೆರೊಲೈನಾದ ನದಿದಂಡೆಯೊಂದರಲ್ಲಿ ಕಂಡದ್ದು ಜಾರ್ಜ್ ಹೈಯಮ್ಸ್ ಎಂಬ 17 ವರ್ಷದ ಹುಡುಗ. ಗ್ರೇ ಪಾಠ ಹೇಳುತ್ತಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯ ಫ್ರೇಮಿಂಗ್‌ಹ್ಯಾಮಿನಿಂದ ದೂರವೇನಲ್ಲ.

ಮೇ ತಿಂಗಳ ಕೊನೆಗೆ ಹಳದಿ ಲೇಡೀಸ್ ಸ್ಲಿಪರ್ ಎಂಬ ನೆಲದ ಸೀತಾಳೆಗಳು ಅರಳುತ್ತವೆ. ಸೀತಾಳೆ ಕುಲದ ಬೀಜ ಧೂಳಿನಷ್ಟು ಸಣ್ಣದಾಗಿದ್ದು ಅದರೊಳಗೆ ಆಹಾರದ ಸಂಗ್ರಹವೇ ಇರುವುದಿಲ್ಲವಾದ್ದರಿಂದ, ಮಣ್ಣಿನಲ್ಲಿರುವ ತಕ್ಕ ಶಿಲೀಂಧ್ರವೊಂದು, ಅಂದರೆ ಅಣಬೆಯ ವರ್ಗದ ಸೂಕ್ಷ್ಮ ಜೀವಿ, ಒದಗಿ ಬಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಇಂಥ ಗಿಡವನ್ನು ಕಾಡಿನಿಂದ ಅಗೆದು ಮನೆಯ ಅಂಗಳಕ್ಕೆ ತಂದರೆ ಶಿಲೀಂಧ್ರ ಅಲ್ಲೇ ಉಳಿದು ಗಿಡ ಸಾಯುವುದೇ ಹೆಚ್ಚು.

ಇಲ್ಲಿ ಒಂದು ಮಾತನ್ನು ಹಿರಿಯರಲ್ಲಿ ಗೌರವದಿಂದ ವಿನಂತಿಸಬೇಕಾಗಿದೆ. ಬೆಳಗಾಗೆದ್ದು ಪೂಜೆಗೆಂದು ದಾಸವಾಳ, ಪಾರಿಜಾತ, ನಂದಿಬಟ್ಟಲುಗಳನ್ನು ಕೊಯ್ದು ತರುವುದು ಊರಿನ ಮನೆಮನೆಯ ಒಳ್ಳೆಯ ಪದ್ಧತಿ, ಮತ್ತು ಆ ಗಿಡಗಳಿಗೆ ಅದರಿಂದ ಕೇಡಿಲ್ಲ. ಕೊಯ್ದಷ್ಟೂ ಅವು ಮತ್ತೆ ಬಿಡುತ್ತವೆ. ಟ್ರಿಲಿಯಂನ ಕಥೆ ಹಾಗಲ್ಲ. ಅದರ ಹೂವನ್ನು ಕಾಂಡದ ಸಮೇತ ಮುರಿದರೆ ಮೂರು ಎಲೆಗಳೂ ಹೋಗುತ್ತವೆ, ಮತ್ತೊಮ್ಮೆ ಎಲೆ ಬಿಡುವ ಶಕ್ತಿ ಅದಕ್ಕೆ ಆ ವರ್ಷ ಇರುವುದಿಲ್ಲ, ಗೆಡ್ಡೆ ಬಡವಾಗಿ ವರ್ಷಗಟ್ಟಲೆ ಹೂ ಬಿಡದೆ ಹೋಗಬಹುದು. ಈ ತೋಟದ ಒಡೆತನ ಹೊಂದಿರುವ ಸಂಸ್ಥೆ ಹುಟ್ಟಿದ್ದೇ ಕೊಯ್ಯುವ ಕೈಗಳನ್ನು ತಡೆಯಲು. ಮೇಫ್ಲವರ್ ಎಂಬ ನೆಲಕ್ಕೆ ಹಬ್ಬುವ ಸುವಾಸನೆಯ ಹೂವನ್ನು ಜನರು ಕಟ್ಟುಕಟ್ಟಾಗಿ ಕಿತ್ತು ಮಾರುತ್ತಿದ್ದ ಕಾಲವದು. 1918ರಲ್ಲಿ ಮ್ಯಾಸಚೂಸೆಟ್ಸ್ ಅದನ್ನು ರಾಜ್ಯದ ಹೂವೆಂದು ಘೋಷಿಸಿತು. ಸಾರ್ವಜನಿಕ ಜಾಗದಲ್ಲಾಗಲಿ ಅನುಮತಿಯಿಲ್ಲದೆ ಪರರ ಜಮೀನಿನಲ್ಲಾಗಲಿ ಅದನ್ನು ಕಿತ್ತವರಿಗೆ 50 ಡಾಲರ್‌ವರೆಗೆ, ವೇಷ ಮರೆಸಿಕೊಂಡೋ ರಾತ್ರಿ ಕದ್ದುಮುಚ್ಚಿಯೋ ಕಿತ್ತವರಿಗೆ 100 ಡಾಲರ್‌ವರೆಗೆ ದಂಡ ವಿಧಿಸುವ ಕಾನೂನು ಇಂದಿಗೂ ಆ ರಾಜ್ಯದಲ್ಲಿದೆ.

ವಸಂತದ ಈ ಭಾಗವನ್ನು ಇಷ್ಟು ದೀರ್ಘವಾಗಿ ಬರೆಯಲು ಕಾರಣ, ಕಾಡಿನ ನೆಲಕ್ಕೆ ಬಿಸಿಲು ಬೀಳುವ ಆ ಕೆಲವು ವಾರಗಳು ಈಗ ಕಿರಿದಾಗುತ್ತಿವೆ. ಫ್ರೇಮಿಂಗ್‌ಹ್ಯಾಮಿಗೆ ಹತ್ತಿರದ ಕಾಂಕರ್ಡ್ ಊರಿನಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಪ್ರತಿ ವಸಂತ ಯಾವ ಹೂ ಯಾವ ದಿನ ಅರಳಿತು, ಯಾವ ಮರ ಯಾವಾಗ ಎಲೆ ಬಿಟ್ಟಿತು ಎಂದು ಬರೆದಿಟ್ಟಿದ್ದ. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಸಂಗಡಿಗರು ಅದೇ ಊರಿನಲ್ಲಿ ಮತ್ತೆ ದಾಖಲಿಸಿ ಹೋಲಿಸಿದಾಗ, ಹೂವುಗಳು ಥೋರೋ ಕಾಲಕ್ಕಿಂತ ಸರಾಸರಿ ಒಂದು ವಾರಕ್ಕೂ ಮೊದಲೇ ಅರಳುತ್ತಿರುವುದು ಕಂಡುಬಂದಿತು. ಇದೇ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಬಿಸಿಯೇರಿದ ವಸಂತಕ್ಕೆ ನೆಲದ ಗಿಡಗಳಿಗಿಂತ ಮರಗಳು ಹೆಚ್ಚು ಬೇಗ ಓಗೊಡುತ್ತಿವೆ, ಹೀಗಾಗಿ ಗಿಡಗಳು ಎದ್ದ ಮೇಲೆ ನೆರಳು ಮುಚ್ಚುವವರೆಗಿನ ಅವಧಿ ಮೊಟಕಾಗುತ್ತಿದೆ ಎಂದು ತೋರಿಸಿತು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಯ ನಕ್ಷತ್ರಗಳನ್ನು ಎಣಿಸಿ ಬಿತ್ತನೆ ಮಾಡಿದವರಿಗೆ, ಆ ಮಳೆಗಳು ಹಿಂದುಮುಂದಾಗುವುದನ್ನು ಕಣ್ಣಾರೆ ಕಂಡವರಿಗೆ, ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಥೋರೋ ಮಾಡಿದ ಕೆಲಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಅದೇ ಜಾಗಕ್ಕೆ ಮರಳುವ ತಾಳ್ಮೆ. ಶಾಲೆಗೆ ಹೋಗುವ ಮೊಮ್ಮಗುವೂ ಅಜ್ಜ-ಅಜ್ಜಿಯರೂ ಕೂಡಿ ಇದನ್ನು ಮಾಡಬಹುದು, ಕನ್ನಡದಲ್ಲೇ ಬರೆಯಬಹುದು.

ನೆಲದ ಬಗ್ಗೆ ಇನ್ನೊಂದು ಸಂಗತಿ ಕರ್ನಾಟಕದಿಂದ ಬಂದವರನ್ನು ಅಚ್ಚರಿಗೊಳಿಸುವಂಥದ್ದು. ಎರೆಹುಳು ರೈತನ ಮಿತ್ರ ಎಂಬುದನ್ನು ಕನ್ನಡ ಶಾಲೆಯಲ್ಲಿ ಓದದವರಿಲ್ಲ, ಮತ್ತು ಹೊಲದ ಮಟ್ಟಿಗೆ ಅದು ಸತ್ಯ. ಆದರೆ ಹಿಮ ಮುಚ್ಚಿದ್ದ ನ್ಯೂ ಇಂಗ್ಲೆಂಡಿನ ನೆಲದಲ್ಲಿ ಸ್ಥಳೀಯ ಎರೆಹುಳುಗಳು ಉಳಿಯಲಿಲ್ಲ; ಅಲ್ಲಿನ ಕಾಡು ಅವುಗಳಿಲ್ಲದೆಯೇ ಬೆಳೆಯಿತು. ಉದುರಿದ ಎಲೆ ನಿಧಾನವಾಗಿ ಶಿಲೀಂಧ್ರಗಳಿಂದ ಕೊಳೆತು, ವರ್ಷವರ್ಷವೂ ಪದರವಾಗಿ ಕೂರುತ್ತದೆ; ಆ ತರಗೆಲೆಯ ಹಾಸಿನಲ್ಲೇ ಟ್ರಿಲಿಯಂ ಬೀಜಗಳು ಎರಡು ಚಳಿಗಾಲ ಕಾಯುತ್ತವೆ. ಯುರೋಪಿನ ವಲಸೆಗಾರರೊಂದಿಗೆ ಬಂದ ಹುಳುಗಳೂ, ಈಚಿನ ದಶಕಗಳಲ್ಲಿ ಹರಡುತ್ತಿರುವ ಪೂರ್ವ ಏಷ್ಯಾ ಮೂಲದ, ಮುಟ್ಟಿದರೆ ಹಾವಿನಂತೆ ನುಲಿದು ನೆಗೆಯುವ ‘ಜಂಪಿಂಗ್ ವರ್ಮ್’ ಎಂಬ ಹುಳುಗಳೂ ಆ ಹಾಸನ್ನು ತಿಂದುಬಿಡುತ್ತವೆ; ಜಂಪಿಂಗ್ ವರ್ಮ್ ಮೇಲ್ಮಣ್ಣನ್ನು ಕಾಫಿಪುಡಿಯ ಗಸಿಯಂಥ ಸಡಿಲ ಕಾಳುಗಳಾಗಿ ಮಾಡಿಬಿಡುತ್ತದೆ. ಈ ಹುಳು ಚಳಿಗೆ ಸತ್ತರೂ ಅದರ ಮೊಟ್ಟೆಗೂಡುಗಳು ಬದುಕುಳಿಯುತ್ತವೆ, ಮತ್ತು ಅವು ಸಾಗುವುದು ಮುಖ್ಯವಾಗಿ ಕುಂಡದ ಮಣ್ಣು, ಗೊಬ್ಬರ, ಪಾದರಕ್ಷೆಗಳ ಮೂಲಕ. ಬೇಸಿಗೆಯಲ್ಲಿ ಹೊರಗಿಟ್ಟ ಕರಿಬೇವು, ದೊಡ್ಡಪತ್ರೆಗಳ ಕುಂಡಗಳನ್ನು ಸ್ನೇಹಿತರ ಮನೆಗಳಿಗೆ ಕೊಟ್ಟುಕೊಳ್ಳುವ ಪ್ರೀತಿಯ ಪದ್ಧತಿ ಕನ್ನಡ ಕುಟುಂಬಗಳಲ್ಲಿ ಇರುವುದರಿಂದ, ಹಾಗೆ ಕೊಡುವಾಗ ಬೇರಿನ ಮಣ್ಣನ್ನು ತೊಳೆದು ಹೊಸ ಮಣ್ಣಿನಲ್ಲಿ ನೆಡುವುದು, ಕಾಡುತೋಟಕ್ಕೆ ಹೋಗುವ ಮುನ್ನ ಬೂಟಿನ ತಳದ ಮಣ್ಣನ್ನು ಉಜ್ಜಿ ತೆಗೆಯುವುದು ಉಚಿತ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ತೋಟ ಹಸಿರು, ಬಹುತೇಕ ಹಸಿರೊಂದೇ. ಹೂವನ್ನೇ ಹುಡುಕಿ ಬಂದವರು ಈ ತಿಂಗಳುಗಳಲ್ಲಿ ನಿರಾಶರಾಗಿ ಮರಳುವುದುಂಟು. ಆದರೆ ಮಲೆನಾಡಿನ ಆಷಾಢವನ್ನು ಬಲ್ಲವರಿಗೆ ಜರೀಗಿಡಗಳ ಹತ್ತಾರು ಬಗೆಯ ಹಸಿರು ಪರಿಚಿತವೇ. ಜೌಗಿನ ಭಾಗದಲ್ಲಿ ಪಠ್ಯಪುಸ್ತಕಗಳಿಂದ ಹೆಸರು ಗೊತ್ತಿರುವ ಹೂಜಿಗಿಡಗಳಿವೆ. ಮೇಘಾಲಯದ ಹೂಜಿಗಿಡಕ್ಕೆ ಇವು ಬಂಧುಗಳಲ್ಲ, ಬೇರೆಯೇ ಕುಟುಂಬದವು. ಸಾರವಿಲ್ಲದ ಜೌಗು ಮಣ್ಣಿನಲ್ಲಿ ಬದುಕಲು ಕೀಟ ಹಿಡಿಯುವ ಉಪಾಯವನ್ನು ಎರಡೂ ಪ್ರತ್ಯೇಕವಾಗಿಯೇ ಕಂಡುಕೊಂಡಿವೆ. ನೆಲಕ್ಕೊರಗಿದ ಇವುಗಳ ಹೂಜಿಯಲ್ಲಿ ನಿಂತ ಮಳೆನೀರಿನಲ್ಲಿ ಕೀಟಗಳು ಮುಳುಗಿ ಕೊಳೆಯುತ್ತವೆ, ಆದರೆ ಅದೇ ನೀರಿನಲ್ಲಿ ಒಂದು ಜಾತಿಯ ಸೊಳ್ಳೆಯ ಮರಿಗಳು ನಿರಾತಂಕವಾಗಿ ಬೆಳೆಯುತ್ತವೆ. ಆಗಸ್ಟಿನ ಹೊತ್ತಿಗೆ ನೀರಿನಂಚಿನಲ್ಲಿ ಕಡುಗೆಂಪಿನ ಕಾರ್ಡಿನಲ್ ಹೂ ಅರಳಿದಾಗ, ಸುಮಾರು ಮೂರು ಗ್ರಾಂ ತೂಗುವ ಹಮ್ಮಿಂಗ್ ಬರ್ಡ್ ಅದರ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವುದನ್ನು ಕಾಣಬಹುದು. ಊರಿನ ಸೂರಕ್ಕಿಯನ್ನು ಹೋಲುವ ಈ ಹಕ್ಕಿ ಕೆಲವೇ ವಾರಗಳ ಬಳಿಕ ಮಧ್ಯ ಅಮೆರಿಕದವರೆಗೆ ಹಾರಿಹೋಗುತ್ತದೆ.

ಬೇಸಿಗೆಯ ಭೇಟಿಗೆ ಒಂದು ಎಚ್ಚರಿಕೆಯೂ ಅಗತ್ಯ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಿಂದಾಗಿ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಉಣುಗಿನ ಅಪಾಯವನ್ನು ಹೇಳಿಕೊಡಬೇಕಾಗಿಲ್ಲ. ನ್ಯೂ ಇಂಗ್ಲೆಂಡಿನ ಉಣುಗುಗಳು ಹರಡುವುದು ಲೈಮ್ ಎಂಬ ಬೇರೊಂದು ರೋಗವನ್ನು. ಮೇಯಿಂದ ಜುಲೈವರೆಗೆ ಗಸಗಸೆ ಕಾಳಿನಷ್ಟಿರುವ ಅವುಗಳ ಮರಿಗಳು ಕಣ್ಣಿಗೆ ಬೀಳುವುದೇ ಕಷ್ಟ. ಹಾದಿ ಬಿಟ್ಟು ಇಳಿಯದಿರುವುದು, ಸೀರೆ ಅಥವಾ ಪಂಚೆಯ ಬದಲು ಪಾದದವರೆಗೆ ಮುಚ್ಚುವ ಪ್ಯಾಂಟು ತೊಟ್ಟು ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸುವುದು, ಮನೆಗೆ ಬಂದೊಡನೆ ಮೈಯನ್ನು ಪರೀಕ್ಷಿಸಿಕೊಳ್ಳುವುದು ಸಾಕು. ಮೂರು ಮೂರು ಎಲೆಗಳ ಗೊಂಚಲಿನ, ಮುಟ್ಟಿದರೆ ಚರ್ಮ ಉರಿದು ಗುಳ್ಳೆಯೇಳಿಸುವ ಪಾಯ್ಸನ್ ಐವಿ ಎಂಬ ಬಳ್ಳಿಯನ್ನು ಗುರುತಿಸಲು ಮಕ್ಕಳಿಗೆ ಮೊದಲೇ ಕಲಿಸಬೇಕು.

ಮರಗಳೂ ಸುಖವಾಗಿಲ್ಲ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಡಿದುದನ್ನು ಕಂಡವರು ಈ ಪ್ರದೇಶದ ಕಾಡುಗಳ ಬೀಚ್ ಮರದ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು: ನರಗಳ ನಡುವೆ ಕಪ್ಪು ಪಟ್ಟೆಗಳು ಕಂಡರೆ ಅದು 2012ರಲ್ಲಿ ಓಹಾಯೋದಲ್ಲಿ ಮೊದಲು ಗಮನಕ್ಕೆ ಬಂದು 2020ರಲ್ಲಿ ಮ್ಯಾಸಚೂಸೆಟ್ಸ್ ತಲುಪಿದ, ಸೂಕ್ಷ್ಮ ದುಂಡುಹುಳುಗಳಿಂದ ಬರುವ ರೋಗ. ದೊಡ್ಡ ಮರ ಸತ್ತರೆ ಅದರಡಿಯ ಬೆಳಕಿನ ಲೆಕ್ಕವೇ ಬದಲಾಗುತ್ತದೆ, ನೆರಳನ್ನು ನಂಬಿದ ಗಿಡಗಳು ಸ್ಥಾನ ಕಳೆದುಕೊಳ್ಳುತ್ತವೆ.

ಶರತ್ಕಾಲವನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಅದರ ಬಣ್ಣ ಎಲ್ಲರಿಗೂ ಗೊತ್ತು. ಎಲೆಯಲ್ಲಿನ ಹಸಿರು ವರ್ಣದ್ರವ್ಯ ಒಡೆದಾಗ ಅದುವರೆಗೆ ಮರೆಯಾಗಿದ್ದ ಹಳದಿ ತೋರುತ್ತದೆ, ಆದರೆ ಕೆಂಪು ಮಾತ್ರ ಆ ಕಾಲದಲ್ಲಿ ಹೊಸದಾಗಿ ತಯಾರಾಗುವಂಥದ್ದು, ಹಗಲು ಬಿಸಿಲೂ ರಾತ್ರಿ ತಂಪೂ ಇದ್ದಷ್ಟು ಅದು ಗಾಢ ಎಂಬಿಷ್ಟನ್ನು ತಿಳಿದರೆ ಸಾಕು. ಕಾಡುತೋಟದಲ್ಲಿ ಸೆಪ್ಟೆಂಬರಿನ ಹೊತ್ತಿಗೆ ನೋಡಬೇಕಾದದ್ದು ಕಾಲಬುಡದಲ್ಲಿದೆ: ನೆರಳಿನಲ್ಲೂ ಅರಳುವ ಬಿಳಿ ಮತ್ತು ನೀಲಿ ಆಸ್ಟರ್‌ಗಳು, ಹಳದಿಯ ಗೋಲ್ಡನ್‌ರಾಡ್, ಅವುಗಳ ಮೇಲೆ ಚಳಿಗೆ ಮುನ್ನ ಆಹಾರ ಹುಡುಕುವ ಜೇನ್ನೊಣ ದುಂಬಿಗಳ ಗಡಿಬಿಡಿ. ತೋಟ ಬಾಗಿಲು ಹಾಕುವ ಅಕ್ಟೋಬರಿನ ದಿನಗಳಲ್ಲಿ, ಉಳಿದೆಲ್ಲ ಮುಗಿಯಿತೆನ್ನುವಾಗ, ವಿಚ್ ಹೇಜಲ್ ಎಂಬ ಸಣ್ಣ ಮರ ಉದುರುತ್ತಿರುವ ಎಲೆಗಳ ನಡುವೆ ತೆಳ್ಳನೆಯ ಹಳದಿ ದಳಗಳನ್ನು ಬಿಚ್ಚುತ್ತದೆ. ಅದರ ಕಾಯಿ ಬಲಿಯಲು ಒಂದು ಪೂರ್ತಿ ವರ್ಷ ಬೇಕಾದ್ದರಿಂದ, ಮುಂದಿನ ಶರತ್ಕಾಲದಲ್ಲಿ ಹೊಸ ಹೂವು ಅರಳುವಾಗಲೇ ಹಳೆಯ ಕಾಯಿಗಳು ಸಿಡಿದು ಬೀಜವನ್ನು ಹಲವು ಅಡಿ ದೂರಕ್ಕೆ ಎಸೆಯುತ್ತವೆ.

ಚಳಿಗಾಲದಲ್ಲಿ ಸಾಮಾನ್ಯ ಭೇಟಿಗೆ ತೋಟ ತೆರೆದಿರುವುದಿಲ್ಲ. ಆದರೆ ಬೀಜಗಳಿಗೆ ಆ ತಿಂಗಳುಗಳೇ ಮುಖ್ಯ. ತೇವದ ಮಣ್ಣಿನಲ್ಲಿ ಹಲವು ವಾರ ಕೊರೆಯುವ ತಂಪಿನಲ್ಲಿದ್ದ ಮೇಲೆಯೇ ಅನೇಕ ಕಾಡುಹೂಗಳ ಬೀಜದ ನಿದ್ದೆ ಹರಿಯುತ್ತದೆ, ಮತ್ತು ಮೇಲೆ ಬಿದ್ದ ಹಿಮವೂ ಅದರಡಿಯ ತರಗೆಲೆಯೂ ಬೇರುಗಳನ್ನು ತೀವ್ರ ಚಳಿಯಿಂದ ಕಾಯುತ್ತವೆ. ಉಪನಗರಗಳ ಮನೆಗಳಲ್ಲಿ ನವೆಂಬರಿನಲ್ಲಿ ಯಂತ್ರ ಹಿಡಿದು ಎಲೆಗಳನ್ನೆಲ್ಲ ಊದಿ ಗುಡ್ಡೆ ಹಾಕಿ, ಕಾಗದದ ಚೀಲಗಳಲ್ಲಿ ತುಂಬಿ ರಸ್ತೆಬದಿಗಿಡುವ ಪದ್ಧತಿಯಿದೆ. ಮನೆಯ ಹಿಂದಿನ ಮರಗಳ ಬುಡದಲ್ಲಾದರೂ ಎಲೆಗಳನ್ನು ಬಿದ್ದಂತೆಯೇ ಬಿಟ್ಟರೆ, ಕಾಡುತೋಟದಲ್ಲಿ ಕಂಡದ್ದರ ಒಂದು ಪಾಲು ಆ ಅಂಗಳದಲ್ಲೂ ನಡೆಯಲು ಅವಕಾಶವಾಗುತ್ತದೆ.

ಮಕ್ಕಳನ್ನು ನೋಡಲು ಬರುವ ತಂದೆತಾಯಿಗಳಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ದೊರೆಯುತ್ತದೆ, ಅವರಲ್ಲಿ ಬಹುಪಾಲು ಜನ ಚಳಿ ತಪ್ಪಿಸಿಕೊಂಡು ಏಪ್ರಿಲ್‌-ಮೇ ಹೊತ್ತಿಗೆ ಬಂದು ಅಕ್ಟೋಬರಿಗೆ ಮರಳುತ್ತಾರೆ. ಈ ತೋಟ ತೆರೆದಿರುವ ಕಾಲವೂ ಬಹುತೇಕ ಅದೇ. ಮಕ್ಕಳು ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದ ಮೇಲೆ ನಾಲ್ಕು ಗೋಡೆಗಳ ನಡುವೆ ದಿನ ದೂಡುವ ಹಿರಿಯರಲ್ಲಿ ಎಷ್ಟೋ ಮಂದಿ ಗದ್ದೆ, ತೋಟ, ಸೊಪ್ಪಿನಬೆಟ್ಟಗಳಲ್ಲಿ ಜೀವನ ಸವೆಸಿದವರು; ಎಲೆಯ ಬಣ್ಣದಲ್ಲಿ ರೋಗವನ್ನೂ ಮಣ್ಣಿನ ವಾಸನೆಯಲ್ಲಿ ಮಳೆಯನ್ನೂ ಗುರುತಿಸಬಲ್ಲವರು. ಕಾರಿನ ಕಿಟಕಿಯಿಂದ ದೂರದ ಬಣ್ಣ ತೋರಿಸಿದಾಗ ಆ ತಿಳಿವಳಿಕೆಗೆ ಕೆಲಸವಿರುವುದಿಲ್ಲ. ಕಾಡುತೋಟದ ಹಾದಿಯಲ್ಲಿ ನಿಧಾನವಾಗಿ ನಡೆಯುವಾಗ ಇರುತ್ತದೆ, ಮತ್ತು ಅಲ್ಲಿ ಮೊಮ್ಮಕ್ಕಳಿಗೆ ಹೇಳಲು ಅವರ ಬಳಿ ಬಹಳಷ್ಟು ಇರುತ್ತದೆ.

ಆದ್ದರಿಂದ ಕನ್ನಡ ಕೂಟವು ಅಕ್ಟೋಬರ್ ಪ್ರವಾಸದ ಜೊತೆಗೆ ಮೇ ಮೊದಲ ಅಥವಾ ಎರಡನೆಯ ವಾರದಲ್ಲಿ, ಸಾಧ್ಯವಾದರೆ ಜನಸಂದಣಿ ಕಡಿಮೆಯಿರುವ ವಾರದ ನಡುವಿನ ಬೆಳಗಿನಲ್ಲಿ, ಹಿರಿಯರಿಗಾಗಿಯೇ ಒಂದು ಭೇಟಿಯನ್ನು ಏರ್ಪಡಿಸಬೇಕೆಂದೂ, ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಅದೇ ಗುಂಪನ್ನು ಮತ್ತೆ ಕರೆದೊಯ್ಯಬೇಕೆಂದೂ ವಿನಂತಿ. ಪ್ರವೇಶಕ್ಕೆ ಶುಲ್ಕವಿದೆ, ಮ್ಯಾಸಚೂಸೆಟ್ಸ್‌ನ ಹಲವು ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸದಸ್ಯರಿಗೆ ರಿಯಾಯಿತಿಯ ಪಾಸುಗಳು ಸಿಗುತ್ತವೆ, ಅವನ್ನು ಮುಂಚಿತವಾಗಿ ಕಾದಿರಿಸಬೇಕು. ಹಾದಿಗಳಲ್ಲಿ ಏರಿಳಿತವೂ ಮರದ ಬೇರುಗಳೂ ಇರುವುದರಿಂದ ಮೊಣಕಾಲು ನೋವಿರುವವರು ಊರುಗೋಲು ತರಬೇಕು, ಮಳೆ ಬಂದ ಮರುದಿನ ಇಳಿಜಾರಿನ ಭಾಗವನ್ನು ಬಿಡಬೇಕು, ಚಪ್ಪಲಿಯ ಬದಲು ಹಿಡಿತವಿರುವ ಬೂಟು ಹಾಕಬೇಕು.